ಗುಳ್ಳೆ ತುಂಬಿದ ಹಳೇ ಗಾಜಿನ ಹೂದಾನಿ: ಮಾಡಿದವರು ಯಾರು ಅಂತ ಪತ್ತೆ ಹಚ್ಚೋದು ಹೇಗೆ?

ಒಳಗೆಲ್ಲ ಗುಳ್ಳೆ ಇರುವ ಎರಡು ದಪ್ಪ ಹೂದಾನಿ ಸಿಕ್ಕಿವೆ, ಸಹಿ ಇಲ್ಲ, ಚೀಟಿ ಇಲ್ಲ, ಗಾಜಿಗೆ ಹೆಸರಾದ ಇಟಲಿಯ ವೆನಿಸ್ ಬಳಿಯ ಮುರಾನೋ ದ್ವೀಪದ್ದೇ ಇರಬಹುದಾ ಅಂತ ಕೇಳಿದ್ದೀರಿ. ಗುಳ್ಳೆ ಕಂಡರೆ ಸಾಕು, ಎಲ್ಲರೂ ಮುರಾನೋ ಅಂದುಬಿಡುತ್ತಾರೆ ಅಲ್ವಾ? ನಾನು ಮೊದಲು ನೋಡೋದು ಆ ಗುಳ್ಳೆ ಗಾಜಿನೊಳಗೆ ಹೇಗೆ ಸೇರಿತು ಅನ್ನೋದನ್ನು.

ಹೂದಾನಿಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಗುಳ್ಳೆಗಳು ಸಾಲಾಗಿ, ಒಂದೇ ಅಂತರದಲ್ಲಿದ್ದರೆ ಬೇಕಂತಲೇ ಕೂರಿಸಿದ್ದು. ಬಿಸಿ ಗಾಜಿನ ಮುದ್ದೆಯನ್ನು ಒಳಗೆ ಮುಳ್ಳುಗಳಿರುವ ಅಚ್ಚಿಗೆ ಇಳಿಸುತ್ತಾರೆ. ಮೈಮೇಲೆ ಸಣ್ಣ ಸಣ್ಣ ಕುಳಿ ಬೀಳುತ್ತವೆ. ಮೇಲೊಂದು ಪದರ ಗಾಜು ಹೊದಿಸಿದರೆ ಕುಳಿಯಲ್ಲಿದ್ದ ಗಾಳಿ ಅಲ್ಲೇ ಸಿಕ್ಕಿಕೊಂಡು ಮುತ್ತಿನ ಹಾಗೆ ದುಂಡಗಾಗುತ್ತದೆ. ಇಟಲಿಯವರು ಇದನ್ನು ಬುಲ್ಲಿಕಾಂತೆ ಅಂತಾರೆ. ಮುರಾನೋದಲ್ಲಿ ಇದು ಜಾಸ್ತಿ, ನಿಜ. ಆದರೆ 1980ರಲ್ಲಿ ಮುಚ್ಚಿದ ಇಂಗ್ಲೆಂಡಿನ ವೈಟ್‌ಫ್ರೈಯರ್ಸ್ ಗಾಜಿನ ಕಾರ್ಖಾನೆ ಕೂಡ ಮಾಡುತ್ತಿತ್ತು. ಅಮೆರಿಕದ ಓಹಾಯೋದಲ್ಲಿ ಎರಿಕ್ಸನ್ ಅವರೂ ಮಾಡುತ್ತಿದ್ದರು (1943ರಿಂದ 1961). ಎರಿಕ್ಸನ್‌ದಾದರೆ ಗುಳ್ಳೆಗಳು ಹೆಚ್ಚಾಗಿ ಭಾರವಾದ ತಳದಲ್ಲೇ ಇರುತ್ತವೆ. ಫಿನ್ಲೆಂಡಿನಲ್ಲಿ ಗುನ್ನೆಲ್ ನೀಮನ್ 1940ರ ದಶಕದಲ್ಲಿ ಇದೇ ವಿಧಾನದಲ್ಲಿ ತುಂಬಾ ಚಂದದ ಹೂದಾನಿಗಳನ್ನು ರೂಪಿಸಿದರು.

ಚಿಕ್ಕದು ದೊಡ್ಡದು ಸೇರಿ ಗುಳ್ಳೆ ಎಲ್ಲೆಂದರಲ್ಲಿ ಹರಡಿದ್ದರೆ ಹುಡುಕುವ ದಾರಿಯೇ ಬೇರೆ. ಫ್ರಾನ್ಸಿನ ಬಿಯೋದಲ್ಲಿ 1956ರಲ್ಲಿ ಶುರುವಾದ ಕಾರ್ಖಾನೆಯವರು ಗಾಜಿನ ಮೇಲೆ ಸೋಡಾ ಪುಡಿ ಹಚ್ಚಿ ಇನ್ನೊಂದು ಪದರ ಹಾಕುತ್ತಾರೆ. ಬಿಸಿಗೆ ಅದರಿಂದ ಅನಿಲ ಹೊರಟು ಗುಳ್ಳೆ ಏಳುತ್ತದೆ. ತಳದಲ್ಲಿ ಸಾಮಾನ್ಯವಾಗಿ ಬಿಯೋ ಅಂತ ಕೊರೆದಿರುತ್ತಾರೆ, ಓರೆಯಾಗಿ ಹಿಡಿದು ನೋಡಿದರೆ ಕಾಣುತ್ತದೆ. ಗಾಜು ಪೂರ್ತಿ ನೊರೆನೊರೆಯಾಗಿ, ಬೆಳಕೇ ಸರಿಯಾಗಿ ದಾಟದಂತಿದ್ದರೆ ಅದು ಪುಲೆಗೋಸೊ. 1920ರ ದಶಕದ ಕೊನೆಗೆ ಮುರಾನೋದ ವೆನಿನಿ ಕಾರ್ಖಾನೆಯಲ್ಲಿ ನಪೊಲಿಯೋನೆ ಮಾರ್ತಿನುತ್ಸಿ ಶುರು ಮಾಡಿದ್ದು. ಮೆಕ್ಸಿಕೋದಲ್ಲಿ ಹಳೇ ಬಾಟಲಿ ಕರಗಿಸಿ ಊದಿದ ಗಾಜಿನಲ್ಲೂ ಗುಳ್ಳೆ ಇರುತ್ತದೆ.

ಆಮೇಲೆ ಎರಡನ್ನೂ ಮಗುಚಿ ಅಕ್ಕಪಕ್ಕ ಇಡಿ. ಕೈಯಲ್ಲಿ ಊದಿದ್ದಾದರೆ ಎರಡರಲ್ಲೂ ಸ್ವಲ್ಪ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ತಳದ ನಡುವೆ, ಕೆಲಸ ಮಾಡುವಾಗ ಹೂದಾನಿಯನ್ನು ಹಿಡಿದಿದ್ದ ಕಬ್ಬಿಣದ ಸರಳಿನಿಂದ ಬಿಡಿಸಿದ ಗುರುತನ್ನು ಕೆಲವರು ಒರಟಾಗಿ ಬಿಡುತ್ತಾರೆ, ವೈಟ್‌ಫ್ರೈಯರ್ಸ್‌ನವರು ಸಾಮಾನ್ಯವಾಗಿ ಉಜ್ಜಿ ನುಣುಪು ಮಾಡುತ್ತಿದ್ದರು. ತಳದ ಅಂಚಿನ ಸವೆತವನ್ನೂ ನೋಡಿ. ವರ್ಷಗಟ್ಟಲೆ ಬಳಸಿದ್ದರೆ ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಎಲ್ಲವೂ ಒಂದೇ ಕಡೆಗಿದ್ದರೆ ಹಳೇದು ಅಂತ ಕಾಣಲಿ ಎಂದು ಉಪ್ಪುಕಾಗದ ಉಜ್ಜಿರಬಹುದು ಅನ್ನೋ ಅನುಮಾನ ನನಗೆ ಬರುತ್ತದೆ.

ನೇರಳಾತೀತ ಟಾರ್ಚ್ ಹಾಕಿ ನೋಡಿ ಅಂತ ಯಾರಾದರೂ ಹೇಳಬಹುದು. ಹಸಿರಾಗಿ ಹೊಳೆದರೆ ಗಾಜಿನಲ್ಲಿ ಯುರೇನಿಯಂ ಅಥವಾ ಮ್ಯಾಂಗನೀಸ್ ಇರಬಹುದು ಅಂತ ತಿಳಿಯುತ್ತದೆ, ಅಷ್ಟೇ. ಮಾಡಿದವರ ಹೆಸರು ಸಿಗಲ್ಲ. ಅದಕ್ಕೆ ಕಾರ್ಖಾನೆಗಳ ಹಳೇ ಕ್ಯಾಟಲಾಗೇ ಬೇಕು. ಆಕಾರ, ಎತ್ತರ, ಬಣ್ಣ ಮೂರೂ ಹೊಂದಿದರೆ ಮಾತ್ರ ಹೆಸರು ಹೇಳಿ. ಒಂದು ಹೊಂದದಿದ್ದರೂ ಸುಮ್ನೆ ಮುರಾನೋ ಅಂತ ಬರೆದು ಮಾರಬೇಡಿ, ಕೊಳ್ಳುವವರಿಗೆ ಮೋಸ ಆಗುತ್ತದೆ.

ತಳದ್ದೊಂದು, ಬಾಯಿಯ ಅಂಚಿನದ್ದೊಂದು, ಗುಳ್ಳೆಗಳನ್ನು ಹತ್ತಿರದಿಂದ ತೆಗೆದದ್ದೊಂದು ಫೋಟೋ ಹಾಕಿ, ಎತ್ತರವನ್ನೂ ತೂಕವನ್ನೂ ಬರೆಯಿರಿ. ನೋಡಿ ಹೇಳುತ್ತೇನೆ.