ಓದುಗರ ಪ್ರಶ್ನೆ: ಇಂಗ್ಲೆಂಡಿನ ಕಾಲುವೆಯಲ್ಲಿ ಒಂದು ದಿನ

ಪ್ರಶ್ನೆ: ಮಗಳು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಳೆ. ಮೇ ತಿಂಗಳಲ್ಲಿ ಹೋದಾಗ ಒಂದು ದಿನ ನ್ಯಾರೋಬೋಟ್ (ಕಾಲುವೆಯ ಕಿರಿದಾದ, ಉದ್ದನೆಯ ದೋಣಿ) ಬಾಡಿಗೆಗೆ ಹಿಡಿದು ನಾವೇ ನಡೆಸುವ ಆಸೆ. ಲೈಸೆನ್ಸ್ ಬೇಕೆ? ಎಷ್ಟು ದೂರ ಹೋಗಿಬರಬಹುದು?
– ಓದುಗರು, ಕಾರವಾರ

ಉತ್ತರ: ಬಾಡಿಗೆ ದೋಣಿ ನಡೆಸಲು ಲೈಸೆನ್ಸ್ ಬೇಡ. ಹೊರಡುವ ಮುನ್ನ ಬಾಡಿಗೆಯವರೇ ಕಲಿಸಿಕೊಡುತ್ತಾರೆ. ಆ ಹೊತ್ತನ್ನು ಫೋಟೊ ತೆಗೆಯುತ್ತ ಕಳೆಯಬೇಡಿ. ವೇಗದ ಮಿತಿ ಗಂಟೆಗೆ 4 ಮೈಲಿ, ನಿಜಕ್ಕೂ ಸಿಗುವುದು 3. ದೋಣಿಯನ್ನು ಕಾಲುವೆಯ ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ, ಎರಡೂ ತುದಿಗೆ ಗೇಟಿರುವ ತೊಟ್ಟಿಯೇ ಲಾಕ್. ಒಂದೊಂದು ಲಾಕ್‌ಗೆ 20 ನಿಮಿಷ ಇಟ್ಟುಕೊಳ್ಳಿ. ಏಳು ತಾಸಿನ ಬಾಡಿಗೆಯಲ್ಲಿ ಪಾಠಕ್ಕೂ ಊಟಕ್ಕೂ ಎರಡು ತಾಸು ಹೋದರೆ ಉಳಿಯುವುದು ಐದು, ಅಂದರೆ ಹೋಗಲು ಎರಡೂವರೆ. ದಾರಿಯಲ್ಲಿ ಎರಡು ಲಾಕ್ ಇದ್ದರೆ ಐದೂವರೆ ಮೈಲಿ ದಾಟುವ ಆಸೆ ಬಿಡಿ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕದಲ್ಲಿ ಇಂಜಿನ್ ತೀರಾ ಇಳಿಸಬೇಕು, ಇಲ್ಲವಾದರೆ ನಿಮ್ಮ ದೋಣಿಯ ಸೆಳೆತಕ್ಕೆ ಅವರ ಗೂಟ ಕಿತ್ತುಬರುತ್ತದೆ. ಇನ್ನೊಂದು: ಉದ್ದದ ದೋಣಿಯನ್ನು ಮನಸ್ಸು ಬಂದಲ್ಲಿ ತಿರುಗಿಸಲಾಗದು. ಅದಕ್ಕೆಂದೇ ಕಾಲುವೆ ಅಗಲ ಮಾಡಿದ ಜಾಗಗಳಿವೆ, ಹೆಸರು ವಿಂಡಿಂಗ್ ಹೋಲ್. ಮೊದಲು ನಕ್ಷೆಯಲ್ಲಿ ಅದನ್ನು ಗುರುತಿಸಿ, ಆಮೇಲೆ ಊಟದ ಜಾಗ ನೋಡಿ.

ಪ್ರಶ್ನೆ: ಔಟ್‌ಬೋರ್ಡ್ ಇಂಜಿನ್ನಿನ (ದೋಣಿಯ ಹಿಂದೆ ಹೊರಗೆ ಕೂರಿಸುವ ಇಂಜಿನ್) ದೋಣಿ ನಡೆಸಿ ರೂಢಿಯಿದೆ. ಇದೂ ಹಾಗೆಯೇ ಅಲ್ಲವೇ?
– ಓದುಗರು, ಅಂಕೋಲಾ

ಉತ್ತರ: ಹಿಡಿಕೆ ಎಡಕ್ಕೆ ತಳ್ಳಿದರೆ ಮೂತಿ ಬಲಕ್ಕೆ, ಅಷ್ಟು ಮಾತ್ರ ಒಂದೇ. ಔಟ್‌ಬೋರ್ಡ್‌ನಲ್ಲಿ ಪ್ರೊಪೆಲ್ಲರ್ರೇ ತಿರುಗುವುದರಿಂದ ರಿವರ್ಸ್‌ನಲ್ಲೂ ದಿಕ್ಕು ಕೈಯಲ್ಲಿರುತ್ತದೆ. ನ್ಯಾರೋಬೋಟ್‌ನಲ್ಲಿ ಪ್ರೊಪೆಲ್ಲರ್ ಕದಲದು, ಚುಕ್ಕಾಣಿ ಅದರ ಹಿಂದಿದೆ. ನೀರು ಹಿಂದಕ್ಕೆ ರಾಚಿದಾಗ ಮಾತ್ರ ಚುಕ್ಕಾಣಿಗೆ ಬಲ. ರಿವರ್ಸ್ ಹಾಕಿದಿರೋ, ದೋಣಿ ತನಗೆ ತೋಚಿದತ್ತ ಹೋಗುತ್ತದೆ. 57 ಅಡಿ ಉದ್ದದ, ಹದಿನೈದು ಟನ್ನಿಗೂ ಮಿಕ್ಕಿದ ಉಕ್ಕು ಅದು, ಸೊಂಟದಲ್ಲಿ ತಿರುಗುತ್ತದೆ. ಮೂತಿ ಬಲಕ್ಕೆ ಹೋದಾಗ ಬಾಲ ಎಡಕ್ಕೆ ಬೀಸುತ್ತದೆ. ದಡಕ್ಕೆ ಬಡಿಯುವಂತಾದರೆ ಕಾಲು ಕೊಟ್ಟು ತಡೆಯಲು ಹೋಗಬೇಡಿ, ಬಡಿಯಲಿ ಬಿಡಿ. ಎದುರು ದೋಣಿ ಬಂದರೆ ಬಲಕ್ಕೆ ಸರಿಯಬೇಕು (ನಮ್ಮ ರಸ್ತೆಯ ಅಭ್ಯಾಸ ಇಲ್ಲಿ ಕೆಲಸ ಕೆಡಿಸುತ್ತದೆ). ಉಳಿದಂತೆ ನಡುವಿನಲ್ಲೇ ಇರಿ, ಅಂಚಿನಲ್ಲಿ ಹೂಳು. ಭರತಿ ಬಂದು ಎತ್ತೀತು ಎಂದು ಕಾಯುವಂತಿಲ್ಲ. ಹೂಳಿಗೆ ಕೂತರೆ ಜನರನ್ನು ಇನ್ನೊಂದು ಬದಿಗೆ ಸರಿಸಿ, ಬಂದ ದಾರಿಯಲ್ಲೇ ಮೆಲ್ಲಗೆ ಹಿಂದಕ್ಕೆ ತೆಗೆಯಿರಿ.

ಪ್ರಶ್ನೆ: ಲಾಕ್ ಎಂದರೆ ನಮ್ಮ ಗಜನಿಯ (ಉಪ್ಪುನೀರಿನ ಗದ್ದೆ) ಜಂತ್ರಡಿಯಂತೆಯೇ (ಹಲಗೆಯ ತೂಬು)? ಅಪಾಯ ಎಲ್ಲಿದೆ?
– ಓದುಗರು, ಕುಮಟಾ

ಉತ್ತರ: ಹಲಗೆ ಎತ್ತಿ ನೀರು ಬಿಡುವಷ್ಟರ ಮಟ್ಟಿಗೆ ಹೌದು. ಆದರೆ ಜಂತ್ರಡಿಯ ಕೆಲಸ ಸಮುದ್ರದ ಏರಿಳಿತ ನೋಡಿಕೊಂಡು ನಡೆಯುತ್ತದೆ, ಇಲ್ಲಿ ಏರಿಳಿತವನ್ನು ನೀವೇ ಮಾಡಬೇಕು. ಕಿರಿದಾದ ಲಾಕ್‌ನ ಅಗಲ ಸುಮಾರು 7 ಅಡಿ, ದೋಣಿಯದು 6 ಅಡಿ 10 ಇಂಚು. ಒಂದು ಸಲ ತುಂಬಿ ಖಾಲಿಯಾದರೆ ಲಕ್ಷ ಲೀಟರಿಗೂ ಹೆಚ್ಚು ನೀರು ಕೆಳಗಿಳಿಯುತ್ತದೆ. ಅದಕ್ಕೇ ಎದುರಿನಿಂದ ದೋಣಿ ಬರುತ್ತಿದ್ದು, ಲಾಕ್‌ನ ಮಟ್ಟ ಅವರಿಗೆ ಸರಿಯಾಗಿದ್ದರೆ, ಅವರನ್ನು ಮೊದಲು ಬಿಡಿ.

ಏರುವಾಗ: ಖಾಲಿ ಲಾಕ್‌ಗೆ ನುಗ್ಗಿ, ಕೆಳಗಿನ ಗೇಟೂ ಪ್ಯಾಡಲ್ಲೂ (ನೀರು ಬಿಡಲು ಎತ್ತುವ ಹಲಗೆ) ಮುಚ್ಚಿದ್ದನ್ನು ನೋಡಿ, ಮೇಲಿನ ನೆಲದ ಪ್ಯಾಡಲ್ (ಗೇಟಿನ ಬದಲು ದಡದ ನೆಲದಲ್ಲಿರುವುದು) ಅರ್ಧ ಎತ್ತಿ. ದೋಣಿ ನೆಟ್ಟಗಾದ ಮೇಲೆ ಪೂರ್ತಿ. ಗೇಟಿನಲ್ಲೇ ಇರುವ ಪ್ಯಾಡಲ್ಲನ್ನು ಮೊದಲೇ ಎತ್ತಿದರೆ ನೀರು ನೇರ ಮುಂಭಾಗಕ್ಕೆ ಸುರಿಯುತ್ತದೆ. ಒಳಗೂ ಹೊರಗೂ ಮಟ್ಟ ಒಂದಾಗುವವರೆಗೆ ಗೇಟು ಜಗ್ಗದು. ಜಗ್ಗದಿದ್ದರೆ ಕಾಯಿರಿ, ಹೆಗಲು ಕೊಡಬೇಡಿ.

ಇಳಿಯುವಾಗಲೇ ನಿಜವಾದ ಅಪಾಯ. ಮೇಲಿನ ಗೇಟಿನ ಬುಡದಿಂದ ಒಳಕ್ಕೆ ಚಾಚಿದ ಕಟ್ಟೆಯೊಂದಿದೆ, ಅದೇ ಸಿಲ್. ಲಾಕ್ ತುಂಬಿದ್ದಾಗ ಕಾಣದು. ಗೋಡೆಯ ಬಿಳಿ ಗೆರೆಯೇ ಗುರುತು. ದೋಣಿಯ ಬಾಲ ಆ ಗೆರೆ ದಾಟಿ ಮುಂದಿರಬೇಕು. ಇಲ್ಲದಿದ್ದರೆ ನೀರಿಳಿದಂತೆ ಬಾಲ ಕಟ್ಟೆಯ ಮೇಲೆ ಕೂರುತ್ತದೆ, ಮೂತಿ ಕುಸಿದು ನೀರು ನುಗ್ಗುತ್ತದೆ, ಮುಳುಗಲು ಕೆಲವೇ ನಿಮಿಷ ಸಾಕು. ಓರೆಯಾದದ್ದು ಕಂಡ ಕೂಡಲೇ ಕೆಳಗಿನ ಪ್ಯಾಡಲ್ ಮುಚ್ಚಿ, ಆಮೇಲೆ ಮೇಲಿನದನ್ನು ಮೆಲ್ಲಗೆ ಎತ್ತಿ ತುಂಬಿಸಿ. ಹಗ್ಗವನ್ನು ಯಾವತ್ತೂ ಗಂಟು ಹಾಕಬೇಡಿ, ಒಂದು ಸುತ್ತು ಸುತ್ತಿ ಕೈಯಲ್ಲಿ ಸಡಿಲಿಸುತ್ತಿರಿ. ಪ್ಯಾಡಲ್ ತಿರುಗಿಸುವ ವಿಂಡ್‌ಲಾಸ್ ಎಂಬ ಹಿಡಿಕೆಯನ್ನು ಗೂಟಕ್ಕೇ ಬಿಟ್ಟು ಹೋಗಬೇಡಿ. ಹಲ್ಲಿನ ತಡೆ ಜಾರಿದರೆ ಅದು ಗಿರ್ರನೆ ತಿರುಗಿ ಹಾರುತ್ತದೆ.

ಪ್ರಶ್ನೆ: ನಮಗೆ ಈಜು ಬಾರದು. ಹೋಗಬಹುದೇ?
– ಓದುಗರು, ಯಲ್ಲಾಪುರ

ಉತ್ತರ: ಹೋಗಬಹುದು, ಲೈಫ್ ಜಾಕೆಟ್ ಕೇಳಿ ಪಡೆಯಿರಿ. ಕಾಲುವೆಯಲ್ಲಿ ಹೆಚ್ಚಿನ ಕಡೆ ಸೊಂಟದಿಂದ ಎದೆಯವರೆಗಿನ ನೀರು, ಲಾಕ್ ಮಾತ್ರ ಆಳ. ಯಾರಾದರೂ ಬಿದ್ದರೆ ಮೊದಲು ನ್ಯೂಟ್ರಲ್. ಅವರ ಕಡೆ ರಿವರ್ಸ್ ಹಾಕಲೇಬಾರದು, ಪ್ರೊಪೆಲ್ಲರ್ ಅಲ್ಲೇ ಇದೆ.

ಪ್ರಶ್ನೆ: ಇಂಜಿನ್ ಏದುಸಿರು ಬಿಡುತ್ತದೆ, ದೋಣಿ ಮಾತ್ರ ಮುಂದೆ ಹೋಗದು ಎಂದರೆ?
– ಓದುಗರು, ಶಿರಸಿ

ಉತ್ತರ: ಪ್ರೊಪೆಲ್ಲರ್‌ಗೆ ಪ್ಲಾಸ್ಟಿಕ್ಕೋ ಬಟ್ಟೆಯೋ ಸುತ್ತಿದೆ. ಕಪ್ಪು ಹೊಗೆಯೂ ಬರಬಹುದು. ಒಮ್ಮೆ ರಿವರ್ಸ್ ಕೊಟ್ಟು ನೋಡಿ, ಬಿಡಲಿಲ್ಲವೆಂದರೆ ದಡಕ್ಕೆ ಕಟ್ಟಿ ಇಂಜಿನ್ ಆರಿಸಿ, ಕೀಲಿ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಬಾಡಿಗೆಯವರಿಗೆ ಫೋನ್ ಮಾಡಿ. ಅವರು ಒಪ್ಪಿದರೆ ಹಿಂಬದಿಯ ವೀಡ್ ಹ್ಯಾಚ್ ಎಂಬ ಪೆಟ್ಟಿಗೆಯ ಮುಚ್ಚಳ ತೆಗೆದು ಕೈ ಇಳಿಸಿ. ಕೈಗೆ ದಪ್ಪ ಗ್ಲೌಸ್ ಇರಲಿ, ತಂತಿ ಇರಬಹುದು. ಚಾಕುವಿನಿಂದ ಸ್ವಲ್ಪ ಸ್ವಲ್ಪವೇ ಕೊಯ್ದು, ಪ್ರೊಪೆಲ್ಲರ್ ಸುತ್ತಿದ ದಿಕ್ಕಿಗೆ ವಿರುದ್ಧ ತಿರುಗಿಸಿ ಬಿಡಿಸಿ. ಮುಚ್ಚಳವನ್ನು ಬಿಗಿಯಾಗಿ ಕೂರಿಸದಿದ್ದರೆ ಪ್ರೊಪೆಲ್ಲರ್ ಚಿಮ್ಮಿಸಿದ ನೀರು ಇಂಜಿನ್ ಕೋಣೆ ತುಂಬಿ ದೋಣಿ ಮುಳುಗುತ್ತದೆ. ಸ್ಕ್ರೂ ಬಿಗಿ ಮಾಡಿ, ಗೇರ್ ಹಾಕಿ, ಮುಚ್ಚಳದ ಅಂಚಿನಲ್ಲಿ ಹನಿ ಜಿನುಗುತ್ತಿಲ್ಲ ಎಂದು ಕಣ್ಣಾರೆ ನೋಡಿದ ಮೇಲೆಯೇ ಮೇಲಿನ ಹಲಗೆ ಹಾಕಿ.