ಹಳೇ ರೆಕಾರ್ಡಿಂಗ್ ಸಾಫ್ಟ್‌ವೇರ್ ನಿಂತುಹೋಗಿದೆ. ಮನೆಯ ಸ್ಟುಡಿಯೋಗೆ ಈಗ ಯಾವ ಮಲ್ಟಿಟ್ರ್ಯಾಕ್ ಸಾಫ್ಟ್‌ವೇರ್ ಒಳ್ಳೆಯದು?

ನೀವು ಕೊಟ್ಟಿರುವ ವಿವರ ಇಷ್ಟು. ವಿಂಡೋಸ್ ಕಂಪ್ಯೂಟರ್, ನಾಲ್ಕು ಇನ್‌ಪುಟ್ ಇರುವ ಯುಎಸ್‌ಬಿ ಇಂಟರ್‌ಫೇಸ್ (ಮೈಕ್, ಗಿಟಾರ್ ಧ್ವನಿಯನ್ನು ಕಂಪ್ಯೂಟರ್‌ಗೆ ಕೊಡುವ ಪೆಟ್ಟಿಗೆ). ಹಾಡು, ಗಿಟಾರ್, ಕೀಬೋರ್ಡ್ ಮೂರನ್ನೂ ನೀವೇ ಒಂದರ ಮೇಲೊಂದು ರೆಕಾರ್ಡ್ ಮಾಡುತ್ತೀರಿ. ಬಹಳ ಕಾಲದಿಂದ ಬಳಸುತ್ತಿದ್ದ ಸಾಫ್ಟ್‌ವೇರ್‌ಗೆ ಅಪ್‌ಡೇಟ್ ಬರುವುದು ನಿಂತಿದೆ, ಹೊಸ ಕಂಪ್ಯೂಟರ್‌ನಲ್ಲಿ ಆಗಾಗ ಕ್ರ್ಯಾಶ್ ಆಗುತ್ತಿದೆ. "ಯಾವುದರಲ್ಲಿ ಸೌಂಡ್ ಚೆನ್ನಾಗಿ ಬರುತ್ತೆ, ಯಾವುದಕ್ಕೆ ಹೋಗಲಿ" ಎಂದು ಕೇಳಿದ್ದೀರಿ.

ನಿಮ್ಮ ಕೆಲಸಕ್ಕೆ ನಾನು ಹೇಳುವುದು ರೀಪರ್. ನಾನೂ ಅದನ್ನೇ ಬಳಸುವುದು, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಕಡಿಮೆ ಮಾಡಿಯೇ ತಗೊಳ್ಳಿ. ಆದರೆ ಅದನ್ನು ಹಾಕಿಕೊಳ್ಳುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ನನಗೆ ಅದೇ ಜಾಸ್ತಿ ಮುಖ್ಯ ಅನಿಸುತ್ತದೆ.

ಹಳೇ ಸಾಫ್ಟ್‌ವೇರ್ ಹೇಗೋ ತೆರೆಯುತ್ತಿದೆ ತಾನೇ? ಹಾಗಿರುವಾಗಲೇ ನಿಮ್ಮ ಹಾಡುಗಳನ್ನೆಲ್ಲ ಅದರಿಂದ ಹೊರಗೆ ತೆಗೆದುಬಿಡಿ. ಪ್ರಾಜೆಕ್ಟ್ ಫೈಲ್‌ನಲ್ಲಿ ಸಾಮಾನ್ಯವಾಗಿ ಧ್ವನಿ ಇರುವುದಿಲ್ಲ. ಯಾವ ತುಂಡು ಎಲ್ಲಿ ಕೂರಬೇಕು, ಎಷ್ಟು ವಾಲ್ಯೂಮ್, ಯಾವ ಎಫೆಕ್ಟ್ ಅನ್ನುವ ಲೆಕ್ಕ ಮಾತ್ರ ಇರುತ್ತದೆ. ಧ್ವನಿ ಬೇರೆ ಫೋಲ್ಡರ್‌ನಲ್ಲಿ ಚೂರುಚೂರಾಗಿ ಬಿದ್ದಿರುತ್ತದೆ. ಸಾಫ್ಟ್‌ವೇರ್ ಹೋದ ಮೇಲೆ ಆ ಚೂರುಗಳನ್ನು ಮತ್ತೆ ಜೋಡಿಸುವುದು ಎಂಥ ತಲೆನೋವು ಅಂದರೆ, ಹಾಡನ್ನು ಹೊಸದಾಗಿ ಹಾಡುವುದೇ ಸುಲಭ ಅನಿಸುತ್ತದೆ.

ಹೊರಗೆ ತೆಗೆಯುವುದು ಹೀಗೆ. ಪ್ರತಿ ಟ್ರ್ಯಾಕನ್ನೂ ಹಾಡಿನ ಶುರುವಿನಿಂದ, ಅಂದರೆ ಸೊನ್ನೆಯಿಂದ, ಒಂದೇ ಉದ್ದಕ್ಕೆ ವೇವ್ ಫೈಲ್ ಮಾಡಿ. ಗಿಟಾರ್ ಎರಡನೇ ನಿಮಿಷಕ್ಕೆ ಬರುವುದಾದರೂ ಅದರ ಫೈಲ್ ಸೊನ್ನೆಯಿಂದಲೇ ಶುರುವಾಗಲಿ, ಅದಕ್ಕೆ ಮೊದಲಿನ ಭಾಗ ಮೌನವಾಗಿದ್ದರೆ ಇರಲಿ. ಹಾಗೆ ಮಾಡಿದರೆ ಯಾವ ಸಾಫ್ಟ್‌ವೇರ್‌ಗೆ ಎಳೆದು ಹಾಕಿದರೂ ಎಲ್ಲ ತನ್ನ ಜಾಗದಲ್ಲೇ ಕೂರುತ್ತದೆ. ರೆಕಾರ್ಡ್ ಮಾಡಿದ ಸ್ಯಾಂಪಲ್ ರೇಟೇ (ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಅನ್ನುವ ಲೆಕ್ಕ) ಇರಲಿ, 24 ಬಿಟ್ ಸಾಕು, ಎಂಪಿ3 ಬೇಡ. ಎರಡು ಸೆಟ್ ತೆಗೆದಿಡಿ: ಎಫೆಕ್ಟ್ ಇಲ್ಲದ್ದು ಒಂದು, ಎಫೆಕ್ಟ್ ಸಮೇತ ಇನ್ನೊಂದು. ಹಳೇ ಪ್ಲಗಿನ್ (ಸಾಫ್ಟ್‌ವೇರ್ ಒಳಗೆ ಸೇರಿಸಿಕೊಳ್ಳುವ ಎಫೆಕ್ಟ್ ಅಥವಾ ವಾದ್ಯ) ಹೊಸ ಕಡೆ ನಡೆಯದಿದ್ದರೆ ಎರಡನೇ ಸೆಟ್ ಕೈಹಿಡಿಯುತ್ತದೆ. ಮಿಡಿ ಟ್ರ್ಯಾಕ್ (ಧ್ವನಿಯಲ್ಲ, ಯಾವ ಸ್ವರ ಯಾವಾಗ ಒತ್ತಿದಿರಿ ಅನ್ನುವ ದಾಖಲೆ) ಇದ್ದರೆ ಮಿಡಿ ಫೈಲ್ ಆಗಿಯೂ ತೆಗೆಯಿರಿ. ಟೆಂಪೋ ಎಷ್ಟು, ಶ್ರುತಿ ಯಾವುದು ಅಂತ ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದು ಅದೇ ಫೋಲ್ಡರ್‌ನಲ್ಲಿ ಇಡಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಪಾಡ್‌ಕಾಸ್ಟ್ ಕೇಳಿಕೊಂಡು ಮಾಡಿ.

(ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಪೂರ್ತಿ ಪ್ರಾಜೆಕ್ಟ್ ಸಾಗಿಸಲು ಡಿಎಡಬ್ಲ್ಯು ಪ್ರಾಜೆಕ್ಟ್ ಅನ್ನುವ ಮುಕ್ತ ಫಾರ್ಮ್ಯಾಟ್ 2023ರಲ್ಲಿ ಬಂದಿದೆ. ಬಿಟ್‌ವಿಗ್ ಮತ್ತು ಪ್ರಿಸೋನಸ್ ಅನ್ನುವ ಕಂಪನಿಗಳು ಸೇರಿ ಮಾಡಿದ್ದು. ನಿಮ್ಮದು ಅದಕ್ಕೂ ಮುಂಚೆಯೇ ನಿಂತುಹೋದ ಸಾಫ್ಟ್‌ವೇರ್ ಇರಬೇಕು, ಹಾಗಾಗಿ ಸಿಗಲಾರದು. ಮೆನುವಿನಲ್ಲಿ ಒಮ್ಮೆ ನೋಡಿಬಿಡಿ.)

ಈಗ ಸೌಂಡ್ ವಿಷಯ. ಇದರ ಬಗ್ಗೆ ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಟ್ರ್ಯಾಕ್‌ಗಳನ್ನು ಮಿಕ್ಸ್ ಮಾಡುವುದು ಅಂದರೆ ಕೊನೆಗೆ ಅಂಕಿ ಕೂಡುವುದು. ಈಗಿನ ಸಾಫ್ಟ್‌ವೇರ್‌ಗಳೆಲ್ಲ ಅದನ್ನು 32 ಅಥವಾ 64 ಬಿಟ್ ಫ್ಲೋಟಿಂಗ್ ಪಾಯಿಂಟ್ ಅನ್ನುವ ತುಂಬಾ ನಿಖರ ಲೆಕ್ಕದಲ್ಲಿ ಮಾಡುತ್ತವೆ, ಕಿವಿಗೆ ಗೊತ್ತಾಗುವ ವ್ಯತ್ಯಾಸ ಬರುವುದಿಲ್ಲ. ನಂಬಿಕೆ ಬರದಿದ್ದರೆ ನೀವೇ ನೋಡಿ. ಒಂದೇ ಫೈಲ್‌ಗಳನ್ನು ಎರಡು ಸಾಫ್ಟ್‌ವೇರ್‌ನಲ್ಲಿ ಎಫೆಕ್ಟ್ ಹಾಕದೆ, ಫೇಡರ್ ಮುಟ್ಟದೆ ಎಕ್ಸ್‌ಪೋರ್ಟ್ ಮಾಡಿ. ಎರಡನ್ನೂ ಅಕ್ಕಪಕ್ಕದ ಟ್ರ್ಯಾಕ್‌ಗೆ ಹಾಕಿ ಒಂದರ ಪೊಲಾರಿಟಿ (ಧ್ವನಿಯ ಅಲೆಯ ಮೇಲು-ಕೆಳಗು) ಉಲ್ಟಾ ಮಾಡಿ ಪ್ಲೇ ಮಾಡಿ. ಎರಡೂ ಒಂದೇ ಆದರೆ ಒಂದನ್ನೊಂದು ಅಳಿಸಿಕೊಳ್ಳುತ್ತವೆ, ಏನೂ ಕೇಳಿಸುವುದಿಲ್ಲ. ಏನಾದರೂ ಕೇಳಿಸಿತು ಅಂದರೆ ಹೆಚ್ಚಾಗಿ ಪ್ಯಾನ್ ಲಾ (ಎಡ-ಬಲದ ನಡುವೆ ಇಟ್ಟ ಧ್ವನಿಯನ್ನು ಎಷ್ಟು ಇಳಿಸಬೇಕು ಅನ್ನುವ) ಸೆಟ್ಟಿಂಗ್ ಬೇರೆ ಇರುತ್ತದೆ, ಒಂದರಲ್ಲಿ ನಡುವಿನ ಧ್ವನಿ 3 ಡೆಸಿಬೆಲ್ ಇಳಿಸಿರುತ್ತಾರೆ, ಇನ್ನೊಂದರಲ್ಲಿ ಇಲ್ಲ. "ಅದರಲ್ಲಿ ಸೌಂಡ್ ವಾರ್ಮ್ ಆಗಿದೆ" ಅನ್ನುವ ಮಾತಿನಲ್ಲಿ ಅರ್ಧ ಇಂಥದ್ದೇ. ಉಳಿದ ಅರ್ಧ ಜೊತೆಗೆ ಬರುವ ಪ್ಲಗಿನ್‌ಗಳದ್ದು.

ಹಾಗಾದರೆ ಯಾವುದನ್ನು ನೋಡಿ ಆರಿಸಬೇಕು? ಟೇಕ್, ಅಂದರೆ ಒಂದು ಸಲ ಹಾಡಿ ಅಥವಾ ನುಡಿಸಿ ರೆಕಾರ್ಡ್ ಮಾಡಿದ್ದು. ನಿಮ್ಮ ಹಾಗೆ ಒಬ್ಬರೇ ಹಾಡಿ ನುಡಿಸಿ ರೆಕಾರ್ಡ್ ಮಾಡುವವರ ಹೊತ್ತೆಲ್ಲ ಹೋಗುವುದು ಅಲ್ಲೇ. ಒಂದೇ ಚರಣವನ್ನು ಐದು ಸಲ ಹಾಡಿ, ಚೆನ್ನಾಗಿರುವ ಸಾಲುಗಳನ್ನು ಆರಿಸಿ ಒಂದು ಟೇಕ್ ಮಾಡುವುದು. ತಪ್ಪಿದ ಸಾಲಷ್ಟನ್ನೇ ಪಂಚ್ ಇನ್ ಮಾಡುವುದು, ಅಂದರೆ ಅಷ್ಟನ್ನು ಮಾತ್ರ ಮತ್ತೆ ರೆಕಾರ್ಡ್ ಮಾಡುವುದು. ಕೈಯಲ್ಲಿ ಗಿಟಾರ್ ಇರುವಾಗ ಒಂದು ಕೀ ಒತ್ತಿ ಹಿಂದಕ್ಕೆ ಹೋಗಿ ಮತ್ತೆ ರೆಕಾರ್ಡ್ ಶುರು ಮಾಡುವುದು. ಈ ಮೂರು ಕೆಲಸ ಸಲೀಸಾಗಿ ಆಗುತ್ತದೆಯಾ ಅಂತ ನೋಡಿ. ಸಾವಿರ ಲೂಪ್ (ಮತ್ತೆ ಮತ್ತೆ ನುಡಿಸುವ ಸಿದ್ಧ ತುಂಡುಗಳು) ಜೊತೆಗೆ ಕೊಟ್ಟಿದ್ದಾರೆ ಅನ್ನುವುದು ನಿಮಗೆ ಯಾವ ಉಪಯೋಗಕ್ಕೂ ಬರುವುದಿಲ್ಲ.

ಟೇಕ್ ಆರಿಸುವುದರಲ್ಲಿ ರೀಪರ್ ಮೊದಲು ಸ್ವಲ್ಪ ಒರಟಾಗಿಯೇ ಇತ್ತು. 2023ರಲ್ಲಿ ಬಂದ 7ನೇ ವರ್ಷನ್‌ನಲ್ಲಿ ಅದು ಸರಿಹೋಯಿತು. ಟೇಕ್‌ಗಳು ಒಂದರ ಕೆಳಗೊಂದು ಲೇನ್‌ಗಳಲ್ಲಿ ನಿಲ್ಲುತ್ತವೆ, ಬೇಕಾದ ತುಂಡಿನ ಮೇಲೆ ಮೌಸ್ ಎಳೆದರೆ ಅದು ಆಯ್ಕೆ ಆಗುತ್ತದೆ. ಶಾರ್ಟ್‌ಕಟ್ ಕೀಗಳನ್ನೂ ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಬಹುದು, ಹಳೇ ಸಾಫ್ಟ್‌ವೇರ್‌ನಲ್ಲಿ ಬೆರಳಿಗೆ ಅಭ್ಯಾಸವಾದ ಕೀಗಳನ್ನೇ ಇಟ್ಟುಕೊಳ್ಳಿ.

ನನಗೆ ಅದು ಇಷ್ಟವಾಗಲು ಇನ್ನೊಂದು ಕಾರಣ, ಅದರಿಂದ ಹೊರಗೆ ಬರುವುದು ಸುಲಭ. ರೀಪರ್‌ನ ಪ್ರಾಜೆಕ್ಟ್ ಫೈಲ್ ಬರೀ ಟೆಕ್ಸ್ಟ್. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಟ್ರ್ಯಾಕ್ ಹೆಸರು, ಯಾವ ವೇವ್ ಫೈಲ್ ಎಷ್ಟನೇ ಸೆಕೆಂಡಿಗೆ ಶುರು ಎಲ್ಲ ಕಾಣುತ್ತದೆ. ಒಮ್ಮೆ ಸಾಫ್ಟ್‌ವೇರ್ ನಿಂತುಹೋಗಿ ಕಷ್ಟ ಪಡುತ್ತಿರುವ ನಿಮಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಹಳೇ 32 ಬಿಟ್ ಪ್ಲಗಿನ್ ಇದ್ದರೆ ಅವುಗಳನ್ನೂ ಬಹುಮಟ್ಟಿಗೆ ನಡೆಸಿಕೊಡುತ್ತದೆ. ಕ್ಯೂಬೇಸ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಅಂಥ ಪ್ಲಗಿನ್‌ಗಳನ್ನು 2016ರ 9ನೇ ವರ್ಷನ್‌ನಲ್ಲೇ ಕೈಬಿಟ್ಟಿದೆ.

60 ದಿನ ಯಾವ ಮಿತಿಯೂ ಇಲ್ಲದೆ ಬಳಸಿ ನೋಡಬಹುದು. ಆಮೇಲೆ ಸ್ವಂತಕ್ಕೆ ಬಳಸುವವರಿಗೆ ರಿಯಾಯಿತಿ ಲೈಸೆನ್ಸ್ ಇದೆ, ಸಾಫ್ಟ್‌ವೇರ್ ಅದೇ, ಏನೂ ಕತ್ತರಿಸಿರುವುದಿಲ್ಲ. 7ನೇ ವರ್ಷನ್‌ಗೆ ತಗೊಂಡ ಲೈಸೆನ್ಸ್ 8.99ರವರೆಗೂ ನಡೆಯುತ್ತದೆ. ಬರೆದವರು ಜಸ್ಟಿನ್ ಫ್ರಾಂಕೆಲ್, ಹಿಂದೆ ವಿನ್‌ಆಂಪ್ ಅನ್ನುವ ಮ್ಯೂಸಿಕ್ ಪ್ಲೇಯರ್ ಮಾಡಿದವರು. ಇನ್‌ಸ್ಟಾಲರ್ ಇಷ್ಟು ಚಿಕ್ಕದಾಗಿರುವುದು ನೋಡಿದರೆ ಅದು ಅವರದೇ ಕೈ ಅಂತ ಗೊತ್ತಾಗುತ್ತದೆ.

ಕೊರತೆ ಏನು? ನೋಡಲು ಸಪ್ಪೆ. ಸೆಟ್ಟಿಂಗ್‌ಗಳ ಕಾಡು, ಮೊದಲ ವಾರ ಎಲ್ಲಿ ಏನಿದೆ ಅಂತ ಹುಡುಕುವುದರಲ್ಲೇ ಹೋಗುತ್ತದೆ. ಇಕ್ಯೂ, ಕಂಪ್ರೆಸರ್, ಗೇಟ್ ಮುಂತಾದ ಎಫೆಕ್ಟ್ ಎಲ್ಲ ಒಳ್ಳೆಯವೇ ಇವೆ, ಆದರೆ ವಾದ್ಯಗಳು ಇಲ್ಲ ಅಂತಲೇ ಹೇಳಬೇಕು. ನಿಮ್ಮ ಕೀಬೋರ್ಡಿನ ಲೈನ್ ಔಟ್‌ನಿಂದಲೇ ಧ್ವನಿ ತಗೊಳ್ಳುವುದಾದರೆ ಇದು ಅಡ್ಡಿಯಲ್ಲ. ಬರೀ ಮಿಡಿ ಕೀಬೋರ್ಡ್ ಆದರೆ ವಾದ್ಯದ ಪ್ಲಗಿನ್ ಬೇರೆ ಹುಡುಕಬೇಕು. ಸರ್ಜ್ ಎಕ್ಸ್‌ಟಿ ಅನ್ನುವ ಸಿಂತ್ ಉಚಿತ, ಓಪನ್ ಸೋರ್ಸ್, ಅದರಿಂದ ಶುರು ಮಾಡಿ.

ಬೇರೆಯವುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಆಡಾಸಿಟಿ ಮಾತಿನ ರೆಕಾರ್ಡಿಂಗ್‌ಗೆ ಚೆನ್ನ. 2022ರ 3.2 ವರ್ಷನ್‌ನಿಂದ ಎಫೆಕ್ಟ್ ಕೂಡ ಪ್ಲೇ ಆಗುತ್ತಿರುವಾಗಲೇ ಬದಲಿಸಬಹುದು. ಆದರೂ ಮಿಡಿ ಮತ್ತು ಟೇಕ್ ಕೆಲಸಕ್ಕೆ ಅದು ಸಾಲದು. ಪ್ರೋ ಟೂಲ್ಸ್ ಇಂಟ್ರೋ ಉಚಿತ, ಆದರೆ ಎಂಟೇ ಆಡಿಯೋ ಟ್ರ್ಯಾಕ್, ಜೊತೆಗೆ ಅದು ಎಎಎಕ್ಸ್ ಅನ್ನುವ ತನ್ನದೇ ಬಗೆಯ ಪ್ಲಗಿನ್ ಮಾತ್ರ ತಗೊಳ್ಳುತ್ತದೆ, ನಿಮ್ಮ ಹತ್ತಿರ ಇರುವ ವಿಎಸ್‌ಟಿ ಬಗೆಯ ಪ್ಲಗಿನ್ ಯಾವುದೂ ಕಾಣಿಸುವುದಿಲ್ಲ. ಎಫ್‌ಎಲ್ ಸ್ಟುಡಿಯೋ ಬೀಟ್ ಕಟ್ಟುವವರಿಗೆ. ಅದರ ಟ್ರಯಲ್‌ನಲ್ಲಿ ಸೇವ್ ಮಾಡಿದ್ದನ್ನು ಮತ್ತೆ ತೆರೆಯಲು ದುಡ್ಡು ಕೊಟ್ಟಿರಬೇಕು, ಇದು ಗೊತ್ತಿಲ್ಲದೆ ಸಿಕ್ಕಿಹಾಕಿಕೊಳ್ಳಬೇಡಿ. ಏಬಲ್ಟನ್ ಲೈವ್ ಲೂಪ್ ಇಟ್ಟುಕೊಂಡು ವೇದಿಕೆಯಲ್ಲಿ ನುಡಿಸುವವರ ಕೈಗೆ ಹೇಳಿ ಮಾಡಿಸಿದ್ದು. ಲಾಜಿಕ್ ಮ್ಯಾಕ್ ಮತ್ತು ಐಪ್ಯಾಡ್‌ನಲ್ಲಿ ಮಾತ್ರ, ನಿಮಗೆ ಆ ಪ್ರಶ್ನೆಯೇ ಇಲ್ಲ. ಪೂರ್ತಿ ಉಚಿತವೇ ಬೇಕು ಅಂದರೆ ವೇವ್‌ಫಾರ್ಮ್ ಫ್ರೀ ನೋಡಿ, ಟ್ರ್ಯಾಕ್‌ಗೆ ಮಿತಿ ಇಲ್ಲ.

ರೀಪರ್ ಹಿಡಿಸದಿದ್ದರೆ ನನ್ನ ಎರಡನೇ ಆಯ್ಕೆ ಕ್ಯೂಬೇಸ್. ಮಿಡಿ ಎಡಿಟಿಂಗ್ ಅದರಲ್ಲಿ ಜಾಸ್ತಿ ಸೊಗಸು. ಬಹಳ ಇಂಟರ್‌ಫೇಸ್‌ಗಳ ಜೊತೆ ಅದರ ಚಿಕ್ಕ ಆವೃತ್ತಿ ಸಿಗುತ್ತದೆ, ನಿಮ್ಮ ಪೆಟ್ಟಿಗೆಯಲ್ಲಿ ಬಂದ ಚೀಟಿಯನ್ನು ಒಮ್ಮೆ ಹುಡುಕಿ. ಲೈಸೆನ್ಸ್‌ಗಾಗಿ ಯುಎಸ್‌ಬಿ ಡಾಂಗಲ್ ಚುಚ್ಚಿಡುವ ಕಾಟವೂ 2022ರ 12ನೇ ವರ್ಷನ್‌ನಿಂದ ಹೋಗಿದೆ.

ಹೆಸರಿದ್ದ ಸಾಫ್ಟ್‌ವೇರ್ ನಿಲ್ಲುವುದಿಲ್ಲ ಅಂತಲೂ ಅಂದುಕೊಳ್ಳಬೇಡಿ. ಕೇಕ್‌ವಾಕ್ ಸೋನಾರ್ ಎಷ್ಟು ಜನ ಬಳಸುತ್ತಿದ್ದರು. 2017ರ ನವೆಂಬರ್‌ನಲ್ಲಿ ಅದರ ಮಾಲೀಕ ಕಂಪನಿ ಗಿಬ್ಸನ್ ಅದರ ಕೆಲಸ ನಿಲ್ಲಿಸಿತು. ಮರುವರ್ಷ ಬ್ಯಾಂಡ್‌ಲ್ಯಾಬ್ ಅನ್ನುವ ಕಂಪನಿ ಕೊಂಡು ಉಚಿತವಾಗಿ ಕೊಟ್ಟಿದ್ದರಿಂದ ಬಳಸುವವರು ಬಚಾವಾದರು. ರೀಪರ್‌ಗೂ ಹಾಗಾಗುವುದಿಲ್ಲ ಅಂತ ಯಾರು ಹೇಳುತ್ತಾರೆ? ಅದಕ್ಕೇ ಪ್ರತಿ ಹಾಡು ಮುಗಿದಾಗಲೂ ವೇವ್ ಫೈಲ್ ತೆಗೆದಿಡುವುದು.

ಕ್ರ್ಯಾಶ್ ಬಗ್ಗೆ ಒಂದು ಮಾತು. ತಪ್ಪು ಸಾಫ್ಟ್‌ವೇರ್‌ದೇ ಅಂತ ಗ್ಯಾರಂಟಿ ಇಲ್ಲ, ಡ್ರೈವರ್ ಇರಬಹುದು. ನಿಮ್ಮ ಇಂಟರ್‌ಫೇಸ್ ಮಾಡಿದವರೇ ಕೊಡುವ ಹೊಸ ಆಸಿಯೋ ಡ್ರೈವರ್ (ಧ್ವನಿ ತಡವಾಗದಂತೆ ಇಂಟರ್‌ಫೇಸನ್ನು ಸಾಫ್ಟ್‌ವೇರ್‌ಗೆ ಜೋಡಿಸುವುದು) ಮೊದಲು ಹಾಕಿ, ಹೊಸ ಸಾಫ್ಟ್‌ವೇರ್‌ನಲ್ಲಿ ಅದನ್ನೇ ಆರಿಸಿ. ಹಾಡುವಾಗ ಹೆಡ್‌ಫೋನ್‌ನಲ್ಲಿ ಧ್ವನಿ ತಡವಾಗಿ ಬರುವುದೂ ಡ್ರೈವರ್‌ಗೇ ಸೇರಿದ ವಿಷಯ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತಗೊಳ್ಳುವ ಧ್ವನಿಯ ತುಂಡು) 128 ಸ್ಯಾಂಪಲ್, ರೇಟ್ 48 ಕಿಲೋಹರ್ಟ್ಸ್ ಇದ್ದರೆ ಒಂದು ಬಫರ್‌ಗೆ ಸುಮಾರು 2.7 ಮಿಲಿಸೆಕೆಂಡ್. ಹೋಗಿ ಬರುವಷ್ಟರಲ್ಲಿ ಅದರ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿಯೇ ಆಗುತ್ತದೆ, ಆದರೂ ಹಾಡಲು ತೊಂದರೆ ಇಲ್ಲ. ಮಿಕ್ಸ್ ಮಾಡುವಾಗ 1024ಕ್ಕೆ ಏರಿಸಿ, ಕಂಪ್ಯೂಟರ್ ಉಸಿರಾಡಲಿ. ಇಂಟರ್‌ಫೇಸ್‌ನಲ್ಲಿ ಡೈರೆಕ್ಟ್ ಮಾನಿಟರ್ (ಧ್ವನಿ ಕಂಪ್ಯೂಟರ್‌ಗೆ ಹೋಗಿ ಬರದೆ ನೇರವಾಗಿ ಹೆಡ್‌ಫೋನ್‌ಗೆ ಬರುವ ಸೌಕರ್ಯ) ಇದ್ದರೆ ಹಾಡುವಾಗ ಅದನ್ನು ಬಳಸಿ, ಬಫರ್ ಗೊಡವೆಯೇ ಬೇಡ.

ಟ್ರಯಲ್ ಹಾಕಿಕೊಂಡ ಮೇಲೆ ಟ್ಯುಟೋರಿಯಲ್ ವಿಡಿಯೋ ನೋಡುತ್ತಾ ಕೂರಬೇಡಿ. ನೀವು ನಿಜವಾಗಿ ಮಾಡಬೇಕೆಂದಿರುವ ಒಂದು ಹಾಡನ್ನು ಮೊದಲ ಟೇಕ್‌ನಿಂದ ಕೊನೆಯ ಎಕ್ಸ್‌ಪೋರ್ಟ್‌ವರೆಗೆ ಅದರಲ್ಲೇ ಮುಗಿಸಿ. ಸಿಕ್ಕಿಬಿದ್ದ ಕಡೆ ಮಾತ್ರ ಹುಡುಕಿ ಕಲಿಯಿರಿ. ರೀಪರ್ ಆದರೆ ರೆಕಾರ್ಡ್ ಒತ್ತುವ ಮುಂಚೆ ಪ್ರಾಜೆಕ್ಟನ್ನು ಸೇವ್ ಮಾಡಿ. ಸೇವ್ ಮಾಡುವ ಕಿಟಕಿಯಲ್ಲಿ ಕೆಳಗೆ ಪ್ರಾಜೆಕ್ಟ್‌ಗೆ ಪ್ರತ್ಯೇಕ ಫೋಲ್ಡರ್ ಮಾಡುವ ಟಿಕ್ ಬಾಕ್ಸ್ ಇದೆ, ಅದನ್ನು ಹಾಕಿ. ಇಲ್ಲದಿದ್ದರೆ ಎಲ್ಲ ಹಾಡಿನ ವೇವ್ ಫೈಲ್‌ಗಳೂ ಒಂದೇ ಕಡೆ ಹೋಗಿ ಕಲಸಿಕೊಳ್ಳುತ್ತವೆ. ಡಿಸ್ಕ್ ಜಾಗಕ್ಕೆ ಹೆದರಬೇಡಿ: 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ 8.6 ಎಂಬಿ ಅಷ್ಟೇ. ಬೇಡವಾದ ಟೇಕ್‌ಗಳನ್ನು ಹಾಡು ಮುಗಿಯುವವರೆಗೆ ಅಳಿಸದೆ ಹಾಗೇ ಬಿಡಬಹುದು.