ಕೊಡಗಿನ 26 ಮಕ್ಕಳ ಸರ್ಕಾರಿ ಶಾಲೆ: ಊರವರನ್ನು ಶಾಲೆಯ ಕೆಲಸ, ಆಟ, ಹಬ್ಬಗಳಿಗೆ ಸೇರಿಸಿಕೊಳ್ಳುವುದು ಹೇಗೆ?

ನೀವು ಕೊಟ್ಟಿರುವ ವಿವರ ಇಷ್ಟು: ಪೊನ್ನಂಪೇಟೆ ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆ, ಐದನೇ ತರಗತಿವರೆಗೆ 26 ಮಕ್ಕಳು, ಇಬ್ಬರು ಶಿಕ್ಷಕರು, ಅರ್ಧಕ್ಕಿಂತ ಹೆಚ್ಚು ಮಕ್ಕಳು ತೋಟದ ಲೈನ್‌ಮನೆಗಳಿಂದ (ಕೂಲಿಯವರ ಸಾಲುಮನೆಗಳು) ಮತ್ತು ಹಾಡಿಯಿಂದ (ಆದಿವಾಸಿಗಳ ವಸತಿ) ಬರುವವರು. ನೀವು ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಹೊಸ ಅಧ್ಯಕ್ಷರು. ಭಾನುವಾರ ಸಭೆ ಕರೆದರೆ ಐದಾರು ಜನ ಬರುತ್ತಾರೆ, ಜನವರಿಯ ವಾರ್ಷಿಕೋತ್ಸವದಲ್ಲಿ ಕುರ್ಚಿಗಳೆಲ್ಲ ಖಾಲಿ. ‘ಪೋಷಕರಿಗೆ ಆಸಕ್ತಿಯೇ ಇಲ್ಲ’ ಎಂದು ಬರೆದಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ಜನವರಿ ಎಂದರೆ ರೊಬಸ್ಟಾ ಕಾಫಿ ಕೊಯ್ಲು ಬಿರುಸಾಗಿರುವ ಕಾಲ. ಕೊಯ್ಲಿನಲ್ಲಿ ಹೆಚ್ಚಿನ ಕಡೆ ಕೂಲಿ ಕಿಲೋ ಲೆಕ್ಕದ್ದು, ಅರ್ಧ ದಿನ ಬಿಟ್ಟರೆ ಅರ್ಧ ದಿನದ ದುಡಿಮೆ ಹೋಯಿತು. ಇನ್ನು ಭಾನುವಾರ ಗೋಣಿಕೊಪ್ಪದ ಸಂತೆ. ವಾರದ ಸಾಮಾನು ತರಲು ಇರುವುದು ಅದೊಂದೇ ದಿನ. ಮೊದಲು ದಿನಾಂಕ, ಹೊತ್ತು ಸರಿಪಡಿಸಿ. ಉಳಿದದ್ದಕ್ಕೆಲ್ಲ ಅದೇ ಬುನಾದಿ.

ನಿಮ್ಮ ಭಾಗಕ್ಕೆ ಹೊಂದುವಂತೆ ವರ್ಷವನ್ನು ಹೀಗೆ ಹಂಚಿಕೊಳ್ಳಬಹುದು. ಶ್ರಮದಾನ ಮೇ ಕೊನೆಯ ವಾರ, ಶಾಲೆ ತೆರೆಯುವ ಮೊದಲು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಆಗ ಒಳಗೆ ನಡೆಯುವಂಥವು ಮಾತ್ರ. ಒಂದು ಕೆಸರುಗದ್ದೆ ಆಟ ಅದಕ್ಕೆ ಹೊರತು. ಕೈತೋಟ, ಪ್ರತಿಭಾ ಕಾರಂಜಿ ತಯಾರಿ, ಮಕ್ಕಳ ಸಂತೆ ಇವೆಲ್ಲ ಸೆಪ್ಟೆಂಬರ್‌ನಿಂದ ನವೆಂಬರ್ ನಡುವೆ, ಅಂದರೆ ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್ ಮುಗಿದು ಸುಗ್ಗಿ ಹಬ್ಬ ಪುತ್ತರಿ ಬರುವುದರೊಳಗೆ. ಡಿಸೆಂಬರ್‌ನಿಂದ ಫೆಬ್ರವರಿ ನಡುವರೆಗೆ ಪೋಷಕರಿಂದ ಏನನ್ನೂ ಕೇಳಬೇಡಿ. ವಾರ್ಷಿಕೋತ್ಸವ ಫೆಬ್ರವರಿ ಕೊನೆಗೆ ಅಥವಾ ಮಾರ್ಚ್ ಮೊದಲ ವಾರಕ್ಕೆ. ಸೋಮವಾರಪೇಟೆ ಕಡೆಯ ಅರೇಬಿಕಾ ತೋಟಗಳಲ್ಲಿ ಕೊಯ್ಲು ಬೇಗ ಮುಗಿಯುವುದರಿಂದ ಅಲ್ಲಿನ ಶಾಲೆಗಳಿಗೆ ಫೆಬ್ರವರಿ ಮೊದಲ ವಾರವೂ ಆದೀತು. ನಿಮಗೆ ಆಗದು.

ಸಭೆಗೆ ಜನರನ್ನು ಶಾಲೆಗೆ ಕರೆಯುವ ಬದಲು ಸಭೆಯನ್ನೇ ಲೈನ್‌ಮನೆಗೆ ಒಯ್ಯಿರಿ. ತೋಟದ ಕೆಲಸ ಸಾಮಾನ್ಯವಾಗಿ ನಾಲ್ಕು, ನಾಲ್ಕೂವರೆಗೆ ಬಿಡುತ್ತದೆ. ಐದಕ್ಕೆ ಅಲ್ಲಿಗೇ ಹೋಗಿ ಮುಕ್ಕಾಲು ಗಂಟೆಯಲ್ಲಿ ಮುಗಿಸಿ. ಆನೆ ಓಡಾಡುವ ಕಡೆ ಮುಸ್ಸಂಜೆಯಲ್ಲಿ ಹೆಂಗಸರು, ಮಕ್ಕಳು ಶಾಲೆಯಿಂದ ನಡೆದು ಹೋಗಬೇಕೆಂದು ನಿರೀಕ್ಷಿಸುವುದೇ ತಪ್ಪು. ಮುಂಚೆಯೇ ತೋಟದ ಸಾಹುಕಾರರಿಗೆ ಒಂದು ಮಾತು ತಿಳಿಸಿ. ಆದರೆ ದಿನ ಗೊತ್ತುಮಾಡುವುದು ತೋಟದ ಲೆಕ್ಕ ಬರೆಯುವ ರೈಟರ್ ಮತ್ತು ಮೇಸ್ತ್ರಿಯ ಜೊತೆ, ಯಾವ ದಿನ ಯಾವ ಗುಂಪಿಗೆ ಎಲ್ಲಿ ಕೆಲಸ ಎಂಬುದು ಅವರಿಗೆ ಗೊತ್ತಿರುತ್ತದೆ. ಒಂದು ಸಭೆಗೆ ಒಂದೇ ವಿಷಯ ಇಟ್ಟುಕೊಳ್ಳಿ. ನಡಾವಳಿ ಪುಸ್ತಕವನ್ನು ಜೊತೆಗೇ ಒಯ್ದು, ಆದ ತೀರ್ಮಾನವನ್ನು ಓದಿ ಹೇಳಿ ಅಲ್ಲೇ ಸಹಿ ಮಾಡಿಸಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಕಾಗದದಲ್ಲಿ ಇದು ಸರಿಯಾಗಿರುತ್ತದೆ, ಸಭೆಯಲ್ಲಿ ಮಾತ್ರ ರಸ್ತೆಬದಿಯ ನಾಲ್ಕು ಮನೆಯವರೇ ಮಾತಾಡುತ್ತಾರೆ. ಹಾಡಿಯಿಂದ ಒಬ್ಬ ತಾಯಿ, ಲೈನಿನಿಂದ ಒಬ್ಬ ತಾಯಿ ಬಾಯಿಬಿಟ್ಟು ಮಾತಾಡುವವರೆಗೆ ಸಮಿತಿ ಅರ್ಧವೇ ಎಂದು ತಿಳಿಯಿರಿ.

ಇನ್ನು ಮೇ ತಿಂಗಳ ಶ್ರಮದಾನ. ನಿಮ್ಮದು ಮಂಗಳೂರು ಹಂಚಿನ ಮಾಡು ಎಂದಿದ್ದೀರಿ. ಹಂಚಿನ ಕೆಲಸ ಬೆಳಿಗ್ಗೆಯೇ ಆಗಬೇಕು, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ಹೆಚ್ಚು, ಒದ್ದೆ ಹಂಚಿನ ಪಾಚಿ ವಿಪರೀತ ಜಾರುತ್ತದೆ. ಹಂಚಿನ ಮೇಲೆ ನೇರ ಕಾಲಿಡಬಾರದು, ಭಾರ ಹಂಚಿಹೋಗುವಂತೆ ಹಲಗೆ ಅಥವಾ ಏಣಿಯನ್ನು ಮಲಗಿಸಿ ಅದರ ಮೇಲೆ ಹೋಗಬೇಕು. ಅನುಭವ ಇರುವ ಇಬ್ಬರು ಸಾಕು, ಉಳಿದವರು ಕೆಳಗೆ. ಬದಲಿ ಹಂಚು ತರುವಾಗ ಹಳೆಯ ಹಂಚೊಂದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಬೇರೆ ಕಾರ್ಖಾನೆಯ ಹಂಚಿನ ಅಂಚಿನ ಕಚ್ಚು ಕೂರದಿದ್ದರೆ ಸಂದಿನಲ್ಲಿ ನೀರು ಇಳಿಯುತ್ತದೆ. ‘ಹೊಸ ಹಂಚು ಹಾಕಿದರೂ ಸೋರುತ್ತದೆ’ ಎಂಬ ದೂರಿಗೆ ಎಷ್ಟೋ ಕಡೆ ಇದೇ ಕಾರಣ. ಒಂದೇ ಕಡೆ ಪದೇಪದೇ ಹಂಚು ಒಡೆಯುತ್ತಿದ್ದರೆ ಮೇಲೆ ನೋಡಿ, ಒಣ ಕೊಂಬೆ ಇರುತ್ತದೆ. ಶಾಲೆಯ ಜಾಗದ ಮರ ಕಡಿಯಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಅದಕ್ಕೆ ಮಾರ್ಚ್‌ನಲ್ಲೇ ಅರ್ಜಿ ಕೊಡಿ, ಮೇನಲ್ಲಿ ಕೊಟ್ಟರೆ ಮಳೆಗೆ ಮೊದಲು ಕೆಲಸ ಆಗದು. ಕಟ್ಟಡದ ಹಿಂದೆ ಬರೆ (ಕಡಿದಾದ ಮಣ್ಣಿನ ದಿಬ್ಬ) ಇದ್ದರೆ ಅದರ ಮೇಲ್ಭಾಗದ ಚರಂಡಿಯ ಕಸ ತೆಗೆದು ನೀರು ಪಕ್ಕಕ್ಕೆ ಹರಿದುಹೋಗುವಂತೆ ಮಾಡುವುದು ಬಣ್ಣ ಹೊಡೆಯುವುದಕ್ಕಿಂತ ಮೊದಲ ಕೆಲಸ. ಬರೆಯಲ್ಲಿ ಬಿರುಕು ಕಂಡರೆ, ಹೊಸದಾಗಿ ನೀರು ಒಸರಿದರೆ ಆ ಕೊಠಡಿಯಲ್ಲಿ ಮಕ್ಕಳನ್ನು ಕೂರಿಸಬೇಡಿ, ಪಂಚಾಯಿತಿಗೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಲಿಖಿತವಾಗಿ ಕೊಡಿ. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆಯಲ್ಲಿ ಇದಕ್ಕೆ ಹೆಚ್ಚು ವಿವರಣೆ ಬೇಡ.

ಅದೇ ದಿನ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಿ. ಲೆಕ್ಕ ಸುಲಭ: ಒಳ್ಳೆಯ ಪುಡಿಯಾದರೆ 1000 ಲೀಟರಿಗೆ 2.5 ಗ್ರಾಂ. ಬಾವಿಯ ಅಡ್ಡಳತೆ 2 ಮೀಟರ್, ನೀರಿನ ಆಳ 3 ಮೀಟರ್ ಇದ್ದರೆ ಸುಮಾರು 9,400 ಲೀಟರ್, ಅದಕ್ಕೆ 24 ಗ್ರಾಂ ಸಾಕು. ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ, ಇನ್ನಷ್ಟು ನೀರು ಸೇರಿಸಿ, ಸುಣ್ಣದಂಥ ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗಿಳಿಸಿ ಕಲಕಬೇಕು. ಒಂದು ಗಂಟೆ ನೀರು ಸೇದಬಾರದು. ಹಿಂದಿನ ವರ್ಷ ಬಾಯಿ ತೆರೆದಿಟ್ಟ ಪುಡಿಯಲ್ಲಿ ಶಕ್ತಿ ಉಳಿದಿರುವುದಿಲ್ಲ. ಮಳೆಗಾಲದಲ್ಲಿ ಮೇಲಿನ ನೀರು ಬಾವಿಗೆ ಹರಿದು ಬಂದಾಗಲೆಲ್ಲ ಇದನ್ನೇ ಮತ್ತೆ ಮಾಡಬೇಕು.

ಮಳೆ ರಜೆಯ ಸುದ್ದಿ ತಲುಪುತ್ತಿಲ್ಲ ಎಂದೂ ಕೇಳಿದ್ದೀರಿ. ಜಿಲ್ಲಾಡಳಿತದ ಆದೇಶ ವಾಟ್ಸ್‌ಆ್ಯಪ್‌ಗೆ ಬಂದರೂ ಕರೆಂಟಿಲ್ಲದ ಲೈನಿನಲ್ಲಿ ಫೋನುಗಳು ಸತ್ತಿರುತ್ತವೆ. ಪ್ರತಿ ಲೈನಿಗೆ, ಹಾಡಿಗೆ ಒಬ್ಬರನ್ನು ಗೊತ್ತುಮಾಡಿ, ಅವರಿಗೆ ಬರೀ ಮೆಸೇಜಲ್ಲ, ಕರೆ ಹೋಗಬೇಕು. ಅವರು ಮನೆಮನೆಗೆ ಹೇಳಬೇಕು. ಆನೆ ಸುದ್ದಿಗೂ ಇದೇ ಸರಪಣಿ ಸಾಕು. ಶಾಲೆಯ ಆವರಣದಲ್ಲಿ ಹಲಸಿನ ಮರ ಇದ್ದರೆ ಕಾಯಿ ಹಣ್ಣಾಗುವ ಮೊದಲೇ ಇಳಿಸಿಬಿಡಿ. ಆ ವಾಸನೆಗೆ ಆನೆ ಬರುತ್ತದೆ, ಬಂದರೆ ಕಾಂಪೌಂಡೂ ಉಳಿಯದು, ಅಡುಗೆಕೋಣೆಯ ಬಾಗಿಲೂ ಉಳಿಯದು.

ಸ್ವಾತಂತ್ರ್ಯ ದಿನದಂದು ಮಳೆ ಇದ್ದೇ ಇರುತ್ತದೆ ಎಂದುಕೊಂಡೇ ಸಿದ್ಧರಾಗಿ. ಹತ್ತಿ ಹಗ್ಗ ನೆನೆದು ಉಬ್ಬಿ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ, ನೈಲಾನ್ ಹಗ್ಗ ಹಾಕಿ. ಹಿಂದಿನ ಸಂಜೆಯೇ ಕಟ್ಟಿಟ್ಟ ಬಾವುಟದ ಗಂಟು ಇಬ್ಬನಿ, ಮಳೆಗೆ ಬಿಗಿದು ಬೆಳಿಗ್ಗೆ ಬಿಚ್ಚುವುದಿಲ್ಲ. ಹಿಂದಿನ ದಿನ ಹಗ್ಗ ಎಳೆದು ನೋಡಿ, ಬಾವುಟವನ್ನು ಅದೇ ಬೆಳಿಗ್ಗೆ ಕಟ್ಟಿ. ಭಾಷಣ, ಹಾಡು ಜಗಲಿಯಲ್ಲಿ ಆಗಲಿ. ಪ್ರಭಾತ ಫೇರಿ ಬಿಟ್ಟರೂ ನಷ್ಟವಿಲ್ಲ, ಜೀಪು, ಪಿಕಪ್ ತಿರುಗುವ ಕಿರಿದಾದ ರಸ್ತೆಯಲ್ಲಿ ಕೊಡೆ ಹಿಡಿದ ಪುಟ್ಟ ಮಕ್ಕಳ ಸಾಲು ಕ್ಷೇಮವಲ್ಲ.

ಕೆಸರುಗದ್ದೆ ಆಟವನ್ನು ಮಾತ್ರ ಬಿಡಬೇಡಿ. ಕುರ್ಚಿ, ವೇದಿಕೆ, ಮೈಕು ಏನೂ ಬೇಡದೆ ಇಡೀ ಊರು ಮಕ್ಕಳ ಜೊತೆ ಕಲೆಯುವ ದಿನ ಅದು. ಉಳುಮೆ ಮುಗಿದು ನಾಟಿಗೆ ಒಂದೆರಡು ದಿನ ಇರುವ ಗದ್ದೆಯನ್ನು ಕೇಳಿಕೊಳ್ಳಿ, ಗೊಬ್ಬರ, ಕಳೆನಾಶಕ ಹಾಕಿರಬಾರದು. ಆಟಕ್ಕೆ ಮೊದಲು ಐದಾರು ಹಿರಿಯರು ಕೈಗೆ ಕೈ ತಾಗುವಷ್ಟು ಹತ್ತಿರ ಸಾಲಾಗಿ ನಿಂತು, ಮೆಲ್ಲಗೆ ಕೆಸರು ತಡಕುತ್ತ ಗದ್ದೆಯ ಉದ್ದಕ್ಕೂ ಎರಡು ಸಲ ನಡೆಯಬೇಕು. ಬಾಟಲಿ ಚೂರು, ಕಲ್ಲು, ಮುಳ್ಳು ಸಿಗುವುದು ಆಗಲೇ. ಮಕ್ಕಳಿಗೆ ಕೆಸರು ಕಣಕಾಲು ಮುಳುಗುವಷ್ಟು ಸಾಕು, ಮೊಣಕಾಲಿಗೆ ಬಂದರೆ ಒಂದನೇ ತರಗತಿಯ ಮಗು ಬಿದ್ದಲ್ಲಿಂದ ಏಳಲಾರದು. ಓಟ ಮೂರನೇ ತರಗತಿವರೆಗೆ 30 ಮೀಟರ್, ದೊಡ್ಡವರಿಗೆ 50. ಹಗ್ಗಜಗ್ಗಾಟಕ್ಕೆ ನೈಲಾನ್ ಬೇಡ, ಒದ್ದೆ ಕೈಯಲ್ಲಿ ಜಾರಿ ಅಂಗೈ ಸುಲಿಯುತ್ತದೆ, ದಪ್ಪ ತೆಂಗಿನ ನಾರಿನದೋ ಹತ್ತಿಯದೋ ಇರಲಿ. ಹಗ್ಗವನ್ನು ಕೈಗೆ, ಸೊಂಟಕ್ಕೆ ಸುತ್ತಿಕೊಳ್ಳಲು ಬಿಡಬೇಡಿ. ಕಾಲಲ್ಲಿ ಗಾಯ, ಹುಣ್ಣು ಇರುವ ಮಗು ಏರಿಯ ಮೇಲೇ ಇರಲಿ, ಅದಕ್ಕೆ ಸೀಟಿಯನ್ನೋ ಅಂಕ ಬರೆಯುವ ಕೆಲಸವನ್ನೋ ಕೊಡಿ. ಇಲಿಜ್ವರ ಹೆಚ್ಚಾಗಿ ಗಾಯದ ಮೂಲಕ ಹತ್ತುತ್ತದೆ, ಕಣ್ಣು, ಮೂಗು, ಬಾಯಿಯ ಮೂಲಕವೂ ಹತ್ತಬಹುದು. ಮುಂದಿನ ಒಂದೆರಡು ವಾರದಲ್ಲಿ ಯಾರಿಗೆ ಜ್ವರ ಬಂದರೂ ‘ಕೆಸರಿಗಿಳಿದಿದ್ದರು’ ಎಂದು ಡಾಕ್ಟರಿಗೆ ಹೇಳಬೇಕೆಂದು ಎಲ್ಲ ಮನೆಗೂ ತಿಳಿಸಿ. ತೊಳೆಯಲು 200 ಲೀಟರಿನ ಎರಡು ಡ್ರಮ್ ನೀರು, ಒಂದು ಹಂಡೆ ಬಿಸಿನೀರು, ಬಟ್ಟೆ ಬದಲಿಸಲು ಹೆಣ್ಣುಮಕ್ಕಳಿಗೆ ಮರೆ ಇಷ್ಟು ಇಲ್ಲದಿದ್ದರೆ ಆಟ ಇಡಬೇಡಿ. ಹೆಂಗಸರ ಹಗ್ಗಜಗ್ಗಾಟವನ್ನು ಕೊನೆಗಿಡಿ, ಅದನ್ನು ನೋಡದೆ ಯಾರೂ ಮನೆಗೆ ಹೋಗುವುದಿಲ್ಲ. ಕೈಲ್ ಪೊಳ್ದ್ ಸಮಯದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ಯುವಕರು ಇದರ ಜೊತೆ ಸೇರಿಸೋಣ ಎನ್ನಬಹುದು. ಅದಕ್ಕೆ ಬೇರೆ ಜಾಗ, ಬೇರೆ ದಿನ ಇದೆ. ಮಕ್ಕಳ ಆಟದ ದಿನ ಬಂದೂಕು ಬೇಡ.

ಕೈತೋಟ ಜೂನ್‌ನಲ್ಲಿ ಶುರುಮಾಡಿದರೆ ಸಸಿಯೆಲ್ಲ ಕೊಳೆಯುತ್ತದೆ. ಸೆಪ್ಟೆಂಬರ್‌ನಲ್ಲಿ ಮಳೆ ಇಳಿದ ಮೇಲೆ ಒಂದು ಮೀಟರ್ ಅಗಲ, ಒಂದು ಗೇಣು ಎತ್ತರದ ಮಡಿ ಮಾಡಿ. ಇಲ್ಲಿಯ ಮಣ್ಣು ಹುಳಿ, ಚದರ ಮೀಟರಿಗೆ ಒಂದೆರಡು ಹಿಡಿ ಕೃಷಿ ಸುಣ್ಣ ಬೆರೆಸಿ ಎರಡು ವಾರ ಬಿಟ್ಟು ಬಿತ್ತಿ. ಹರಿವೆ ತಿಂಗಳಿಗೆ, ಮೂಲಂಗಿ ಒಂದೂವರೆ ತಿಂಗಳಿಗೆ, ಬೀನ್ಸ್, ನವಿಲುಕೋಸು ಎರಡು ತಿಂಗಳೊಳಗೆ ಸಿಗುತ್ತವೆ. ಬೇಸಿಗೆ ರಜೆಯಲ್ಲಿ ನೀರು ಹಾಕುವವರಿಲ್ಲದ ಕಾರಣ ಫೆಬ್ರವರಿ ನಂತರ ಹೊಸದಾಗಿ ಏನೂ ಬಿತ್ತಬೇಡಿ. ಬಿಸಿಯೂಟಕ್ಕೆ ಐದನೇ ತರಗತಿವರೆಗೆ ತಲಾ 50 ಗ್ರಾಂ ತರಕಾರಿಯ ಲೆಕ್ಕ, 26 ಮಕ್ಕಳಿಗೆ ದಿನಕ್ಕೆ 1.3 ಕಿಲೋ. ನಾಲ್ಕು ಮಡಿಗಳಿಂದ ದಿನವೂ ಅಷ್ಟು ಬರದು, ವಾರಕ್ಕೊಂದು ದಿನ ‘ನಮ್ಮ ತೋಟದ ಸಾರು’ ಆದರೂ ಮಕ್ಕಳ ಖುಷಿಗೆ ಸಾಕು. ಉಳಿದದ್ದು ಮಕ್ಕಳ ಸಂತೆಗೆ. ಅಲ್ಲಿ ತಕ್ಕಡಿ ಹಿಡಿಯುವುದು, ಚಿಲ್ಲರೆ ಎಣಿಸುವುದು ಮಕ್ಕಳೇ ಆಗಬೇಕು. ತಂದೆತಾಯಿ ಹಿಂದೆ ನಿಂತು ಬೆಲೆ ಹೇಳಿಕೊಟ್ಟರೆ ಮಗು ಲೆಕ್ಕ ಕಲಿಯುವುದು ಅಲ್ಲಿಗೇ ನಿಲ್ಲುತ್ತದೆ.

ವಾರ್ಷಿಕೋತ್ಸವ ರಾತ್ರಿಗೆ ಬೇಡ, ಮಧ್ಯಾಹ್ನ ಊಟದಿಂದ ಆರಂಭಿಸಿ ನಾಲ್ಕೂವರೆಗೆ ಮುಗಿಸಿ. ಕಾಫಿ ಹೂ ಅರಳಿಸುವ ಹೂಮಳೆ ಬರುವ ಕಾಲ, ಒಂದು ಟಾರ್ಪಾಲು ಹೆಚ್ಚಿಗೆ ಇರಲಿ. 80 ಹಿರಿಯರು, 26 ಮಕ್ಕಳಿಗೆ 15 ಕಿಲೋ ಅಕ್ಕಿ, 3 ಕಿಲೋ ಬೇಳೆ, ಎಂಟೊಂಬತ್ತು ಕಿಲೋ ತರಕಾರಿ ಸಾಲುತ್ತದೆ. ಬಿಸಿಯೂಟದ ದಾಸ್ತಾನನ್ನು, ಸಿಲಿಂಡರನ್ನು ಇದಕ್ಕೆ ಮುಟ್ಟಬಾರದು. ಲೆಕ್ಕ ತಾಳೆಯಾಗದೆ ಸಿಕ್ಕಿಬೀಳುವವರು ಮುಖ್ಯಶಿಕ್ಷಕರು. ಶಾಲೆಯ ಪಾತ್ರೆಗಳು 26 ಮಕ್ಕಳ ಅಳತೆಯವು, ದೊಡ್ಡ ಪಾತ್ರೆ, ಒಲೆ ಹೊರಗಿನಿಂದ ತನ್ನಿ. ಶಾಲೆಯ ಅಡುಗೆಯವರೊಬ್ಬರ ಮೇಲೇ ಎಲ್ಲ ಹೊರಿಸದೆ ಸ್ತ್ರೀಶಕ್ತಿ ಸಂಘದ ನಾಲ್ವರನ್ನು ಕೇಳಿ. ಗದ್ದೆ ಇರುವ ಮನೆಗಳಿಂದ ಮನೆಗೊಂದು ಸೇರು ಅಕ್ಕಿ ಕೇಳುವುದು ಒಳ್ಳೆಯದೇ. ಲೈನ್‌ಮನೆಯವರಿಂದ ಮಾತ್ರ ಕೇಳಬೇಡಿ, ಕೊಡಲಾಗದ ಸಂಕೋಚಕ್ಕೆ ಅವರು ಬರುವುದನ್ನೇ ಬಿಡುತ್ತಾರೆ. ಕುಣಿತಕ್ಕೆ ಸಿನಿಮಾ ಹಾಡು ಒಂದಿರಲಿ. ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ, ಕೋಲಾಟ ಇರಲಿ, ಹಾಡಿಯ ಹಾಡು, ದುಡಿ ವಾದ್ಯವೂ ಇರಲಿ. ಅದನ್ನು ಕಲಿಸಲು ಹಾಡಿಯ ಹಿರಿಯರನ್ನೇ ಎರಡು ಸಂಭ್ರಮ ಶನಿವಾರಗಳಲ್ಲಿ (ಶಾಲೆಯ ಚೀಲವಿಲ್ಲದ ದಿನ) ಶಾಲೆಗೆ ಕರೆಸಿ, ಎದುರು ಸಾಲಿನಲ್ಲಿ ಕೂರಿಸಿ. ತನ್ನ ಅಜ್ಜ ಶಾಲೆಯಲ್ಲಿ ಕಲಿಸಿದ್ದನ್ನು ಕಂಡ ಮಗುವಿನ ಹಾಜರಾತಿಗೆ ಬೇರೆ ಪ್ರೋತ್ಸಾಹ ಬೇಡ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬಂದದ್ದಕ್ಕೆಲ್ಲ ರಸೀದಿ, ಎಲ್ಲವೂ ಸಮಿತಿಯ ಖಾತೆಗೆ, ಖರ್ಚಿನ ಪಟ್ಟಿ ಜಗಲಿಯ ಹಲಗೆಯ ಮೇಲೆ. ಯಾರಾದರೂ ದತ್ತಿ ಬಹುಮಾನಕ್ಕೆ 10,000 ರೂಪಾಯಿ ಕೊಟ್ಟರೆ ಠೇವಣಿ ಸಮಿತಿಯ ಹೆಸರಲ್ಲೇ ಇರಬೇಕು, ಶಿಕ್ಷಕರ ಸ್ವಂತ ಹೆಸರಲ್ಲಿಟ್ಟರೆ ಅವರಿಗೆ ವರ್ಗವಾದ ದಿನದಿಂದ ತೊಂದರೆ. ಶೇ 6.5 ಬಡ್ಡಿಯಾದರೆ ವರ್ಷಕ್ಕೆ 650 ರೂಪಾಯಿ, ಎರಡು ಒಳ್ಳೆಯ ಪುಸ್ತಕ ಬರುತ್ತದೆ. ಅದಕ್ಕಿಂತ ದೊಡ್ಡ ಮಾತು ಕೊಡಬೇಡಿ.

ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳ ಮಕ್ಕಳ ಬಗ್ಗೆ ಕೇಳಿದ್ದಿರಿ. ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ಆಧಾರ್ ಇಲ್ಲ ಎಂಬ ಕಾರಣಕ್ಕೆ ದಾಖಲಾತಿ ನಿರಾಕರಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ಕೆಳಗಿನ ತರಗತಿಗಳಲ್ಲಿ ನಲಿಕಲಿ (ಮಗು ತನ್ನ ವೇಗಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಪದ್ಧತಿ) ಇದ್ದರೆ ನಡುವೆ ಬಂದ ಮಗುವೂ ತನ್ನ ಮೆಟ್ಟಿಲಿನಿಂದ ಶುರುಮಾಡಬಹುದು. ಕನ್ನಡ ಬರುವ ಅದೇ ಲೈನಿನ ಮಗುವನ್ನು ಪಕ್ಕದಲ್ಲಿ ಕೂರಿಸಿ. ಕೊಯ್ಲು ಮುಗಿದ ಕೂಡಲೇ ಇವರು ಹೊರಡುತ್ತಾರೆ, ಹೇಳದೆಯೂ ಹೊರಡಬಹುದು. ಹಾಗಾಗಿ ಮಗುವಿನ ಹೆಸರು, ಎಸ್‌ಎಟಿಎಸ್ ಸಂಖ್ಯೆ (ಇಲಾಖೆಯ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ), ಶಾಲೆಯ ಫೋನ್ ನಂಬರ್ ಬರೆದ ಒಂದು ಚೀಟಿಯನ್ನು ಜನವರಿಯಲ್ಲೇ ತಾಯಿಯ ಕೈಗೆ ಕೊಟ್ಟಿರಿ.

ಇನ್ನು, ಮಕ್ಕಳನ್ನು ವ್ಯಾನಿನಲ್ಲಿ ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಕಳಿಸುವ ಮನೆಗಳನ್ನು ಸೇರಿಸಿಕೊಳ್ಳಬಹುದೇ ಎಂದಿರಿ. ಖಂಡಿತ. ಅವರಲ್ಲಿ ಬಹುಪಾಲು ಜನ ನಿಮ್ಮ ಶಾಲೆಯಲ್ಲೇ ಓದಿದವರು. ಅವರ ಎದುರು ಮಗುವನ್ನು ಯಾಕೆ ಇಲ್ಲಿಗೆ ಕಳಿಸಲಿಲ್ಲ ಎಂಬ ಮಾತೆತ್ತಬೇಡಿ. ‘ಸಹಾಯ ಮಾಡಿ’ ಎಂದು ಸುಮ್ಮನೆ ಕೇಳುವುದೂ ಬೇಡ. ಮೇ 25ಕ್ಕೆ ನಿಮ್ಮ ಪಿಕಪ್ ಅರ್ಧ ದಿನ ಬೇಕು, ಜುಲೈಯಲ್ಲಿ ರಸ್ತೆಬದಿಯ ಗದ್ದೆ ಒಂದು ದಿನಕ್ಕೆ ಬೇಕು, ಮಾರ್ಚ್‌ನಲ್ಲಿ ಎರಡು ದೊಡ್ಡ ಪಾತ್ರೆ ಬೇಕು, ಹೀಗೆ ವಸ್ತುವನ್ನೂ ದಿನವನ್ನೂ ಹೆಸರಿಸಿ ಕೇಳಿ. ಕೊಟ್ಟದ್ದನ್ನು ತೊಳೆದು, ಹೇಳಿದ ದಿನಕ್ಕೆ ಮರಳಿಸಿ.